ತೋಟದ ಮೋಟಾರಿಗೆ ಬ್ರೌಸರ್‌ನ ಗುಂಡಿ: ನನ್ನ ಅನುಭವ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಅಡಿಕೆ ತೋಟಕ್ಕೆ ತ್ರೀ ಫೇಸ್ ಕರೆಂಟ್ ಹೆಚ್ಚಾಗಿ ರಾತ್ರಿ ಹೊತ್ತಿನಲ್ಲೇ ಬರುತ್ತದೆ. ವಾಲ್ವ್ ತಿರುಗಿಸಲು ಅಪ್ಪ ಟಾರ್ಚ್ ಹಿಡಿದು ಹೋಗುವುದು ತಪ್ಪಲಿ ಎಂದು, ಚಿತ್ರದುರ್ಗದಲ್ಲಿ ಕೆಲಸದಲ್ಲಿರುವ ನಾನು ಮೋಟಾರ್ ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಬೋರಿನ ಮೋಟಾರನ್ನೂ ಡ್ರಿಪ್‌ನ ನಾಲ್ಕು ವಾಲ್ವ್‌ಗಳನ್ನೂ ಬ್ರೌಸರ್‌ನಿಂದಲೇ ನಡೆಸುವ ವ್ಯವಸ್ಥೆ ಮಾಡಿದೆ.

ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್‌ಗಳಾದ ರಿಲೇಗಳನ್ನು ಪೈಗೆ ನೇರವಾಗಿ ಜೋಡಿಸದೆ, ನಡುವೆ ಎಂಸಿಪಿ 23017 ಚಿಪ್ ಇರುವ ವಿಸ್ತರಣಾ ಬೋರ್ಡ್ ಹಾಕಿದೆ. ಚಿಪ್‌ಗಳು ಪರಸ್ಪರ ಮಾತಾಡುವ ಐ2ಸಿ ಪದ್ಧತಿಯ ಎರಡೇ ತಂತಿಗಳ ಮೇಲೆ ಇದು 16 ಪಿನ್‌ಗಳನ್ನು ಕೊಡುತ್ತದೆ. ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) 20ರಿಂದ 27ರವರೆಗಿನ ವಿಳಾಸ ಕೊಟ್ಟರೆ ಅದೇ ತಂತಿಗೆ ಇಂಥ 8 ಚಿಪ್‌ಗಳನ್ನು ಜೋಡಿಸಬಹುದು. ಪೈನ ಪಿನ್‌ಗಳು 3.3 ವೋಲ್ಟ್‌ಗಿಂತ ಹೆಚ್ಚನ್ನು ತಾಳುವುದಿಲ್ಲವಾದ್ದರಿಂದ ಚಿಪ್‌ಗೂ ಅಷ್ಟೇ ಕೊಟ್ಟು, ರಿಲೇ ಕಾಯಿಲ್‌ಗಳಿಗೆ ಬೇರೆಯೇ 5 ವೋಲ್ಟ್ ಸಪ್ಲೈ ಇಟ್ಟೆ.

ಮೇಜಿನ ಮೇಲೆ ಮೊದಲ ಬಾರಿ ಪ್ರೋಗ್ರಾಂ ಓಡಿಸಿದಾಗ ರಿಲೇ ಬೋರ್ಡಿನ ಎಂಟೂ ರಿಲೇಗಳು ಒಟ್ಟಿಗೆ ಟಕ್ಕೆಂದವು. ಆನ್ ಆದಾಗ ಈ ಚಿಪ್‌ನ ಪಿನ್‌ಗಳೆಲ್ಲ ಇನ್‌ಪುಟ್ ಆಗಿರುತ್ತವೆ, ಹೊರಗೆ ಕೊಡಬೇಕಾದ ಬೆಲೆಯನ್ನು ಹಿಡಿದಿಡುವ ಔಟ್‌ಪುಟ್ ಲ್ಯಾಚ್‌ನಲ್ಲಿ ಸೊನ್ನೆ ಇರುತ್ತದೆ. ನನ್ನ ರಿಲೇ ಬೋರ್ಡೋ ಸೊನ್ನೆ ಕೊಟ್ಟರೆ ಎಳೆದುಕೊಳ್ಳುವ, ಅಂದರೆ ಆನ್ ಆಗುವ, ಜಾತಿಯದು. ಹಾಗಾಗಿ ಪಿನ್‌ಗಳನ್ನು ಔಟ್‌ಪುಟ್ ಮಾಡುವುದಕ್ಕೆ ಮೊದಲೇ ಲ್ಯಾಚ್‌ಗೆ ಒಂದುಗಳನ್ನು ಬರೆಯಬೇಕಿತ್ತು. ಎರಡು ಸಾಲುಗಳ ಹಿಂದುಮುಂದು, ಅಷ್ಟೇ. ಶೆಡ್ಡಿನಲ್ಲಾಗಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ನಾಲ್ಕು ವಾಲ್ವ್‌ಗಳು ತೆರೆದುಕೊಳ್ಳುತ್ತಿದ್ದವು.

ಸ್ಟಾರ್ಟರ್‌ನ ಹಸಿರು ಗುಂಡಿಗೆ ಒಂದು ರಿಲೇಯನ್ನು ಸಮಾನಾಂತರವಾಗಿಯೂ, ಕೆಂಪು ಗುಂಡಿಗೆ ಇನ್ನೊಂದನ್ನು ಸರಣಿಯಲ್ಲಿಯೂ ಪರಿಚಿತ ಎಲೆಕ್ಟ್ರಿಷಿಯನ್ ಒಬ್ಬರಿಂದ ಜೋಡಿಸಿಸಿದೆ. ಅಪ್ಪ ಕೈಯಿಂದ ಒತ್ತುವಂತೆಯೇ ರಿಲೇ ಎರಡು ಸೆಕೆಂಡು ಒತ್ತಿ ಬಿಡುತ್ತದೆ; ಪೈ ಕೆಟ್ಟರೂ ಹಳೆಯ ಗುಂಡಿಗಳು ಕೆಲಸ ಮಾಡುತ್ತವೆ. ವಾಲ್ವ್ ತೆರೆದು 10 ಸೆಕೆಂಡು ಕಳೆಯದೆ ಮೋಟಾರ್ ಶುರುವಾಗಕೂಡದು ಎಂಬ ನಿಯಮವನ್ನು ಪುಟದಲ್ಲಲ್ಲ, ಪೈನ ಪ್ರೋಗ್ರಾಂನಲ್ಲೇ ಇಟ್ಟೆ, ಏಕೆಂದರೆ ಫೋನಿನ ಸಿಗ್ನಲ್ ನಡುವೆ ಕೈಕೊಟ್ಟರೂ ಪೈಪು ಒಡೆಯಬಾರದು.

ಪುಟವನ್ನು ಪೈಥಾನ್ ಭಾಷೆಯ ಫ್ಲಾಸ್ಕ್ ಎಂಬ ವೆಬ್ ಚೌಕಟ್ಟಿನಲ್ಲಿ ಬರೆದೆ. ಅವಸರದಲ್ಲಿ ಗುಂಡಿಗಳನ್ನು ಸಾಮಾನ್ಯ ಲಿಂಕ್‌ಗಳಾಗಿಯೇ ಮಾಡಿದ್ದೆ. ಒಂದು ಬೆಳಿಗ್ಗೆ ಫೋನಿನಲ್ಲಿ ಬ್ರೌಸರ್ ತೆರೆದೊಡನೆ ಹಿಂದಿನ ರಾತ್ರಿಯ ಪುಟ ತಾನಾಗಿ ಮತ್ತೆ ಲೋಡ್ ಆಯಿತು; ಅದರ ವಿಳಾಸವೇ "ಮೋಟಾರ್ ಆನ್" ಆಗಿದ್ದರಿಂದ ತೋಟದಲ್ಲಿ ಮೋಟಾರ್ ಓಡತೊಡಗಿತು. ಆಜ್ಞೆಗಳನ್ನು ಗೆಟ್‌ನಿಂದ (ವಿಳಾಸ ತೆರೆದೊಡನೆ ಹೋಗುವ ಕೋರಿಕೆ) ಪೋಸ್ಟ್‌ಗೆ (ಗುಂಡಿ ಒತ್ತಿ ಕಳಿಸುವ ಕೋರಿಕೆ) ಬದಲಿಸಿ, ಆಜ್ಞೆ ಮುಗಿದ ಮೇಲೆ ಸ್ಥಿತಿ ತೋರಿಸುವ ಪುಟಕ್ಕೆ ಮರಳುವಂತೆ ಮಾಡಿದ ನಂತರ ಈ ಕಾಟ ನಿಂತಿತು. ಪುಟವನ್ನು ಇಂಟರ್‌ನೆಟ್‌ಗೆ ತೆರೆದಿಟ್ಟಿಲ್ಲ. ವಿಪಿಎನ್ ಎಂಬ ಖಾಸಗಿ, ಸುರಕ್ಷಿತ ಸಂಪರ್ಕದ ಮೂಲಕವೇ ಹೋಗುತ್ತೇನೆ.

ಹೆಚ್ಚು ಕಲಿಸಿದ್ದು ಇನ್ನೊಂದು ತಪ್ಪು. ಒಂದು ರಾತ್ರಿ ಪುಟದಲ್ಲಿ ಹಸಿರು ದೀಪ ನೋಡಿ ನಾನು ನಿಶ್ಚಿಂತೆಯಿಂದ ಮಲಗಿದ್ದೆ. "ನಿನ್ನ ಫೋನಲ್ಲಿ ಮೋಟ್ರು ಓಡ್ತಿರಬೌದು ಕಣಪ್ಪ, ಇಲ್ಲಿ ತೊಟ್ಟಿಗೆ ಹನಿ ನೀರು ಬಿದ್ದಿಲ್ಲ" ಎಂದು ಅಪ್ಪ ಬೆಳಗಿನ ಜಾವ ಫೋನ್ ಮಾಡಿದರು. ಒಂದು ಫೇಸ್ ಹೋಗಿತ್ತು, ಒಂದು ಫೇಸ್ ಇಲ್ಲದಿದ್ದರೆ ಮೋಟಾರ್ ಓಡದಂತೆ ಕಾಯುವ ಪ್ರಿವೆಂಟರ್ ಅದನ್ನು ತಡೆದಿತ್ತು. ನನ್ನ ಪುಟ ತೋರಿಸುತ್ತಿದ್ದುದು ನಾನು ಕೊಟ್ಟ ಆಜ್ಞೆಯನ್ನೇ ಹೊರತು ನಡೆದ ಕೆಲಸವನ್ನಲ್ಲ.

ವಿಸ್ತರಣಾ ಬೋರ್ಡಿನ 16 ಪಿನ್‌ಗಳಲ್ಲಿ ಬಿ ಬದಿಯ ಎಂಟು ಖಾಲಿ ಇದ್ದವು. ಸ್ಟಾರ್ಟರ್‌ನೊಳಗೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಸಹಾಯಕ ಕಾಂಟ್ಯಾಕ್ಟ್‌ನಿಂದ (ಅದರೊಂದಿಗೇ ತೆರೆದು ಮುಚ್ಚುವ ಚಿಕ್ಕ ಸ್ವಿಚ್) ತಂತಿ ತಂದು ಅವುಗಳಲ್ಲೊಂದಕ್ಕೆ ಇನ್‌ಪುಟ್ ಆಗಿ ಕೊಟ್ಟೆ. ಚಿಪ್‌ನೊಳಗಿನ ಪುಲ್‌ಅಪ್ (ಸಂಕೇತ ಇಲ್ಲದಾಗ ಪಿನ್ನನ್ನು ಒಂದರ ಸ್ಥಿತಿಯಲ್ಲಿ ಹಿಡಿದಿಡುವ ರೆಸಿಸ್ಟರ್) ಸುಮಾರು 100 ಕಿಲೋ ಓಮ್‌ನದಾಗಿ ದುರ್ಬಲವಾದ್ದರಿಂದ, ಪಕ್ಕದ ವೈರುಗಳ ಪ್ರಭಾವಕ್ಕೆ ಸುಳ್ಳು ಸಂಕೇತಗಳು ಬರುತ್ತಿದ್ದವು. ಹಾಗಾಗಿ ಹೊರಗಿನಿಂದ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ, ಮೂರು ಸಲ ಓದಿ ಒಂದೇ ಉತ್ತರ ಬಂದರೆ ಮಾತ್ರ ನಂಬುವಂತೆ ಮಾಡಿದೆ. ಈಗ ಗುಂಡಿ ಒತ್ತಿದರೆ ಮೊದಲು ಹಳದಿ ಬಣ್ಣ ಬರುತ್ತದೆ, ಕಾಂಟ್ಯಾಕ್ಟರ್ ನಿಜಕ್ಕೂ ಎಳೆದುಕೊಂಡರೆ ಮಾತ್ರ ಹಸಿರಾಗುತ್ತದೆ.

ಆದರೂ ಬೋರಿನಿಂದ ನೀರು ಬರುತ್ತಿದೆಯೋ ಇಲ್ಲವೋ ಎಂಬುದು ಈ ಹಸಿರಿನಿಂದ ತಿಳಿಯದು. ಅದಕ್ಕಾಗಿ ತಂದ ಫ್ಲೋ ಸ್ವಿಚ್ ಇನ್ನೂ ಡಬ್ಬಿಯಲ್ಲೇ ಇದೆ. ಅಡಿಕೆ ಕೊಯ್ಲು ಮುಗಿದ ಮೇಲೆ ಅದನ್ನು ಪಕ್ಕದ ಪಿನ್‌ಗೆ ಜೋಡಿಸಬೇಕು.