ಹಿಸ್ಟಾರಿಕ್ಕೋ, ಹಿಸ್ಟಾರಿಕಲ್ಲೋ?

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಿರುವ ರಾಯಚೂರು, ಕೊಪ್ಪಳದ ಗೆಳೆಯರೇ, ಒಂದೇ ಥರ ಕಾಣುವ ಈ ಇಂಗ್ಲಿಷ್ ಪದಗಳ ಜೋಡಿಗಳಲ್ಲಿ ಅಂಕ ಕಳಕೋಬ್ಯಾಡ್ರಿ.

ಇತಿಹಾಸಕ್ಕೆ ಸಂಬಂಧಪಟ್ಟದ್ದೆಲ್ಲ ಹಿಸ್ಟಾರಿಕಲ್. ಇತಿಹಾಸದಲ್ಲಿ ದೊಡ್ಡ ಸ್ಥಾನ ಪಡೆದದ್ದು ಮಾತ್ರ ಹಿಸ್ಟಾರಿಕ್. 1520ರ ರಾಯಚೂರು ಕದನದ ಮೇಲೆ ಈಗ ಯಾರಾದರೂ ಕಾದಂಬರಿ ಬರೆದರೆ ಅದು 'ಹಿಸ್ಟಾರಿಕಲ್ ನಾವೆಲ್'. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿದ್ದು 'ಹಿಸ್ಟಾರಿಕ್ ಡಿಸ್ಕವರಿ'. ನಾವು ಎರಡಕ್ಕೂ 'ಐತಿಹಾಸಿಕ' ಅನ್ನುತ್ತೇವಲ್ಲ, ಗೊಂದಲದ ಬೇರು ಅಲ್ಲಿದೆ. ಬಿಟ್ಟ ಸ್ಥಳದಲ್ಲಿ 'ಚರಿತ್ರಾರ್ಹ' ಇಟ್ಟು ಓದ್ರಿ. ಅರ್ಥ ಕೂತರೆ ಹಿಸ್ಟಾರಿಕ್ ಬರೀರಿ.

ಎಕನಾಮಿಕ್ ಅಂದರೆ ಆರ್ಥಿಕ, ಎಕನಾಮಿಕಲ್ ಅಂದರೆ ಖರ್ಚು ಉಳಿಸುವಂಥದ್ದು. ಸಿಂಧನೂರಿನಲ್ಲಿ ಭತ್ತದ ಬೆಲೆ ಬಿದ್ದರೆ ಎಕನಾಮಿಕ್ ಪ್ರಾಬ್ಲಂ. ಕಡಿಮೆ ಡೀಸೆಲ್‌ನಲ್ಲಿ ಹೆಚ್ಚು ಹೊಲ ಉಳುವ ಟ್ರ್ಯಾಕ್ಟರ್ ಎಕನಾಮಿಕಲ್.

ಇನ್ನು ಅರ್ಜಿ ಕೆಡಿಸುವ ತಪ್ಪು: 'ಐ ಆಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್'. ಕೊನೆಗೆ ಐಎನ್‌ಜಿ ಇದ್ದರೆ ಭಾವನೆ ಹುಟ್ಟಿಸುವಂಥದ್ದು, ಇ-ಡಿ ಇದ್ದರೆ ಆ ಭಾವನೆ ಪಡುವವರು. ಕೆಲಸ ಇಂಟರೆಸ್ಟಿಂಗ್, ನೀವು ಇಂಟರೆಸ್ಟೆಡ್. ಬೋರಿಂಗ್, ಬೋರ್ಡ್ ಜೋಡಿಗೂ ಇದೇ ಲೆಕ್ಕ.