ಎಫ್‌ಸಿಗೆ ಮುಂಚೆ ಗ್ಯಾರೇಜ್ ಹುಡುಕಿದ ಕಥೆ

ನನ್ನ ಹತ್ತಿರ ಒಂದು ಬೊಲೆರೊ ಪಿಕಪ್ ಇದೆ. 2016ರ ಡಿಸೆಂಬರ್‌ನಲ್ಲಿ ರಿಜಿಸ್ಟ್ರೇಷನ್ ಆದ ಗಾಡಿ, ಕೆಎ-37. ಗಂಗಾವತಿ, ಕಾರಟಗಿ ಸುತ್ತ ಭತ್ತ, ಅಕ್ಕಿ, ಗೊಬ್ಬರದ ಬಾಡಿಗೆ ಹೊಡೆಯುತ್ತೇನೆ. ಮನೆ ನಡೆಯುವುದು ಈ ಗಾಡಿಯಿಂದಲೇ. ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅಂತ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಲು ಒಳ್ಳೆಯ ಗ್ಯಾರೇಜ್ ಯಾವುದು ಅಂತ ಸ್ಟ್ಯಾಂಡಿನಲ್ಲಿ ಹೊಸ ಹುಡುಗರು ಆಗಾಗ ಕೇಳುತ್ತಾರೆ. ಒಂದು ಹೆಸರು ಹೇಳಿಬಿಟ್ಟರೆ ಅವರ ಕೆಲಸ ಆಗುವುದಿಲ್ಲ. ನಾನು ಹೇಗೆ ಹುಡುಕಿದೆ ಅನ್ನೋದನ್ನೇ ಹೇಳಬೇಕು.

ಮೊದಲು ಲೆಕ್ಕ. ಸರಕು ಗಾಡಿಗೆ ಹೊಸದರಲ್ಲಿ ಎರಡು ವರ್ಷಕ್ಕೆ ಎಫ್‌ಸಿ ಕೊಡುತ್ತಾರೆ. ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು. ಎಂಟು ದಾಟಿತೆಂದರೆ ಪ್ರತಿ ವರ್ಷ. ಸ್ವಂತದ ಕಾರು, ಬೈಕಿಗೆ ಹದಿನೈದು ವರ್ಷ ಈ ಚಿಂತೆ ಇಲ್ಲ, ಆಮೇಲೆ ಐದು ವರ್ಷಕ್ಕೊಮ್ಮೆ. ನಮ್ಮಂಥವರ ಎಫ್‌ಸಿ ಮುಗಿದು ಹೋದರೆ ತಡವಾದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚು ಕಟ್ಟಬೇಕು ಅಂತ ಕೇಂದ್ರದ ನಿಯಮ ಇದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಎಫ್‌ಸಿ ಇಲ್ಲದ ಗಾಡಿ ಎಲ್ಲಾದರೂ ತಾಗಿದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

2022ರ ಡಿಸೆಂಬರ್‌ನಲ್ಲಿ ನಾನೂ ಎಲ್ಲರ ಹಾಗೆಯೇ ಮಾಡಿದೆ. ಭತ್ತದ ಸುಗ್ಗಿ ಜೋರಾಗಿತ್ತು. ಒಂದು ದಿನ ಗಾಡಿ ನಿಲ್ಲಿಸಿದರೂ ಬಾಡಿಗೆ ಬೇರೆಯವರ ಪಾಲು. ಒಬ್ಬರು ಪ್ಯಾಕೇಜ್ ಹೇಳಿದರು. ಬೆಳಿಗ್ಗೆ ಗಾಡಿ ಬಿಟ್ಟು ಹೋಗಿ, ನಾಳೆ ಎಲ್ಲಾ ರೆಡಿ ಇರುತ್ತೆ ಅಂದರು. ಹಾಗೇ ಆಯಿತು. ಬಂಪರ್‌ಗೆ ಪೇಂಟ್, ಸುತ್ತಲೂ ಬೆಳಕಿಗೆ ಹೊಳೆಯುವ ಹೊಸ ರೇಡಿಯಂ ಟೇಪ್, ಹಿಂದೆ ಹೊಸ ಮಡ್‌ಫ್ಲಾಪ್. ನೋಡಲು ಚೆಂದ ಕಾಣುತ್ತಿತ್ತು. ಖಾಲಿ ಗಾಡಿಯಲ್ಲಿ ಬ್ರೇಕೂ ಹಿಡಿಯುತ್ತಿತ್ತು. ಎಫ್‌ಸಿ ಪಾಸ್ ಆಯಿತು.

ಮುಂದಿನ ತಿಂಗಳು, ಸಂಕ್ರಾಂತಿಗೆ ಮುಂಚೆ, 75 ಕೆಜಿಯ 16 ಚೀಲ ಭತ್ತ ಹಾಕಿಕೊಂಡು ಕಾರಟಗಿ ಕಡೆಯಿಂದ ಬರುತ್ತಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೇತುವೆ ಇಳಿಯುವಾಗ ಮುಂದೆ ಒಬ್ಬ ಹುಡುಗ ಸೈಕಲ್ ತಿರುಗಿಸಿದ. ಬ್ರೇಕ್ ತುಳಿದೆ. ಗಾಡಿ ನಿಂತಿತು, ಆದರೆ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ. ಬಲಕ್ಕೆ ಎಳೆದುಕೊಂಡು ಹೋಗಿ, ಸೈಕಲ್‌ನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ. ನನ್ನ ಕಾಲು ಮಾತ್ರ ಅರ್ಧ ಗಂಟೆ ನಡುಗುತ್ತಲೇ ಇತ್ತು. ಹೊಸ ಎಫ್‌ಸಿ ಕಾಗದ ಡ್ಯಾಶ್‌ಬೋರ್ಡಿನಲ್ಲೇ ಇತ್ತು.

ಅವತ್ತು ರಾತ್ರಿಯೇ ಬೇರೆ ಗ್ಯಾರೇಜ್ ಹುಡುಕಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ಗಾಡಿ ಮಾಲೀಕರನ್ನು ಕೇಳಿದೆ. ಅದು ಉಪಯೋಗಕ್ಕೆ ಬರಲಿಲ್ಲ. ಒಬ್ಬೊಬ್ಬರು ತಮಗೆ ಬೇಕಾದವರ ಹೆಸರು ಹೇಳುತ್ತಾರೆ, ಇಲ್ಲಾಂದ್ರೆ ಕಡಿಮೆ ದುಡ್ಡು ತಗೊಳ್ಳುವವರ ಹೆಸರು ಹೇಳುತ್ತಾರೆ. ಗಾಡಿ ಓಡಿಸುವ ಡ್ರೈವರ್‌ಗಳ ಮಾತು ಸ್ವಲ್ಪ ಮೇಲು, ಯಾಕೆಂದರೆ ಬ್ರೇಕ್ ತುಳಿಯುವವರು ಅವರು. ಕಂಪನಿ ಸರ್ವಿಸ್ ಸೆಂಟರ್‌ಗೂ ಹೋಗಿ ಬಂದೆ. ಇಂಜಿನ್ ಕೆಲಸಕ್ಕೆ ಅದು ಸರಿ. ಆದರೆ ಗಾಡಿ ಎರಡು ದಿನ ಬಿಡಬೇಕು, ಒಳಗೆ ಏನು ಬಿಚ್ಚಿದರು ಅಂತ ನಿಂತು ನೋಡಲು ಬಿಡುವುದಿಲ್ಲ.

ದಾರಿ ಸಿಕ್ಕಿದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. ವೈಪರ್ ಬ್ಲೇಡ್ ತರಲು ಹೋಗಿದ್ದೆ. ಕೌಂಟರ್‌ನಲ್ಲಿ ಒಬ್ಬ ಗ್ಯಾರೇಜ್ ಹುಡುಗ ಬಂದು ಬ್ರೇಕ್ ಶೂ ಕೇಳಿದ. ಅಂಗಡಿಯವರು ಒಂದು ಡಬ್ಬಿ ಕೊಟ್ಟರು. ಹುಡುಗ ಅದನ್ನು ತೆರೆದು ನೋಡಿ, “ಇದು ಬ್ಯಾಡ್ರಿ, ಕಂಪನಿದ ಕೊಡ್ರಿ, ಚಾಚಾ ಬೈತಾರ” ಅಂದ. ಅವನು ಹೋದ ಮೇಲೆ ನಾನು ಕೇಳಿದೆ, “ಯಾವ ಚಾಚಾ ಅಣ್ಣಾ ಅದು?”

“ರಾಯಚೂರು ರಸ್ತ್ಯಾಗ, ಬೇವಿನ ಗಿಡದ ಕೆಳಗ ಅದ ನೋಡ್ರಿ, ಬೋರ್ಡ್ ಇಲ್ಲ. ಸಾಮಾನು ತಿರುಗಿ ತಂದು ಜಗಳ ಮಾಡವರು ಊರಾಗ ಅವರೊಬ್ಬರೇ.”

ನನಗೆ ಆ ಮಾತು ಬಹಳ ಹಿಡಿಸಿತು. ಸರಿಯಿಲ್ಲದ ಸಾಮಾನು ವಾಪಸ್ ತರುವ ಮೇಸ್ತ್ರಿ ಅಂದರೆ ಹಾಕುವ ಮುಂಚೆ ನೋಡುತ್ತಾರೆ ಅಂತ ಅರ್ಥ, ಅಲ್ವಾ? ಯಾವ ಗ್ಯಾರೇಜಿಗೆ ಯಾವ ಸಾಮಾನು ಹೋಗುತ್ತದೆ ಅನ್ನೋದು ಕೌಂಟರ್‌ನವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಅಷ್ಟಕ್ಕೇ ನಂಬಲಿಲ್ಲ. ಲೇತ್ ಅಂಗಡಿಗೂ ಹೋದೆ. ಬ್ರೇಕ್ ಶೂ ಒತ್ತಿ ಹಿಡಿಯುವ ಬ್ರೇಕ್ ಡ್ರಮ್ ಒಳಗೆ ಗೆರೆ ಬಿದ್ದರೆ ಲೇತ್ ಮಷೀನ್‌ನಲ್ಲಿ ಕೊರೆಸಿ ಸಮ ಮಾಡಿಸಬೇಕು. ಎಷ್ಟರ ತನಕ ಕೊರೆಸಬಹುದು ಅನ್ನೋದಕ್ಕೂ ಮಿತಿ ಇದೆ, ಅದನ್ನು ಡ್ರಮ್ ಮೇಲೆಯೇ ಅಚ್ಚು ಹಾಕಿರುತ್ತಾರೆ. ಆ ಮಿತಿ ದಾಟಿದ ಡ್ರಮ್ ಬಿಸಾಡಬೇಕು. ಡ್ರಮ್ ಯಾರು ತರುತ್ತಾರೆ ಅಂತ ಕೇಳಿದಾಗ ಲೇತ್‌ನವರು ಮೂರು ಗ್ಯಾರೇಜ್ ಹೆಸರು ಹೇಳಿದರು. ಅದರಲ್ಲಿ ಬೇವಿನ ಗಿಡದ ಗ್ಯಾರೇಜೂ ಒಂದು. ಊರಲ್ಲಿ ಎಫ್‌ಸಿಗೆ ಗಾಡಿ ರೆಡಿ ಮಾಡುವವರು ಎಷ್ಟೋ ಜನ ಇದ್ದಾರೆ. ಡ್ರಮ್ ಲೇತ್‌ಗೆ ಹೋಗುವುದು ಮೂರೇ ಕಡೆಯಿಂದ. ನೀವು ರಾಯಚೂರಿನಲ್ಲಿರಿ, ಸಿಂಧನೂರಿನಲ್ಲಿರಿ, ಸ್ಪೇರ್ ಪಾರ್ಟ್ಸ್ ಅಂಗಡಿ, ಲೇತ್ ಅಂಗಡಿ, ಈ ಎರಡು ಕಡೆ ಕೇಳಿ ನೋಡಿ.

ಚಾಚಾ ಹತ್ತಿರ ಹೋದಾಗ ನಾನು ಬ್ರೇಕ್ ವಿಷಯ ಎತ್ತಲಿಲ್ಲ. ಮುಂದಿನ ವ್ಹೀಲ್ ಬೇರಿಂಗ್‌ಗೆ ಗ್ರೀಸ್ ಹಾಕಿಕೊಡಿ ಅಂದೆ. ಸಣ್ಣ ಕೆಲಸ ಕೊಟ್ಟರೆ ಕೈ ಹೇಗಿದೆ ಅಂತ ಗೊತ್ತಾಗುತ್ತದೆ. ಅವರು ಜ್ಯಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಆಮೇಲೆ ಎಡಕ್ಕೆ ಬಲಕ್ಕೆ. ಮೇಲೆ ಕೆಳಗೆ ಆಡಿದರೆ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್, ಪಕ್ಕಕ್ಕೆ ಆಡಿದರೆ ಸ್ಟೇರಿಂಗ್ ಕಡೆಯದು ನೋಡಬೇಕು ಅಂತ ಹುಡುಗನಿಗೆ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ, ಆದರೂ ಹಿಂದಿನ ಚಕ್ರದ ಒಳಮೈ ನೋಡಿ ನಿಂತರು.

“ಇಲ್ಲಿ ಬಾರಪಾ. ಈ ಟೈರ್ ಒಳಗ ಯಾಕ ಒದ್ದಿ ಐತಿ?”

ಎಡ ಹಿಂದಿನ ಡ್ರಮ್ ಬಿಚ್ಚಿದರು. ಬ್ರೇಕ್ ಶೂ ತಳ್ಳುವ ವ್ಹೀಲ್ ಸಿಲಿಂಡರ್ ಸೋರಿ, ಬ್ರೇಕ್ ಆಯಿಲ್ ಶೂ ಲೈನರ್ ಮೇಲೆಲ್ಲಾ ಹರಡಿತ್ತು. ಎಡಗಡೆ ಹಿಡಿಯದೆ ಗಾಡಿ ಬಲಕ್ಕೆ ಎಳೆದದ್ದು ಅದಕ್ಕೇ. ಆಮೇಲೆ ಗಾಡಿ ಕೆಳಗೆ ಮಲಗಿ ಇನ್ನೊಂದು ತೋರಿಸಿದರು. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ರಾಡ್ ಬರುತ್ತದೆ. ಅದು ಲೋಡ್ ಸೆನ್ಸಿಂಗ್ ವಾಲ್ವ್‌ನದು. ಲೋಡ್ ಬಿದ್ದು ಗಾಡಿ ಕೂತಾಗ ಆ ರಾಡ್ ವಾಲ್ವ್ ತಿರುಗಿಸಿ, ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಇಲ್ಲಾಂದ್ರೆ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ಜಾರುತ್ತದೆ. ನನ್ನ ಗಾಡಿಯಲ್ಲಿ ಆ ರಾಡ್ ಕಳಚಿ ಜೋತಾಡುತ್ತಿತ್ತು. ಲೋಡ್ ಎಷ್ಟೇ ಇದ್ದರೂ ವಾಲ್ವ್ ಮಾತ್ರ ಗಾಡಿ ಖಾಲಿ ಇದೆ ಅಂತಲೇ ಕೆಲಸ ಮಾಡುತ್ತಿತ್ತು. ಖಾಲಿ ಗಾಡಿಯಲ್ಲಿ ಪಾಸ್ ಆಗಿ, ಭತ್ತ ಹೇರಿದಾಗ ಕೈಕೊಟ್ಟದ್ದು ಹೀಗೆ.

ನಾಲ್ಕೂ ಚಕ್ರದ ಬ್ರೇಕ್ ಕೆಲಸ, ಎರಡು ವ್ಹೀಲ್ ಸಿಲಿಂಡರ್, ಲೇತ್ ಕೂಲಿ, ಹೊಸ ಬ್ರೇಕ್ ಆಯಿಲ್, ರಾಡ್‌ನ ಲಿಂಕ್ ಎಲ್ಲಾ ಸೇರಿ 11 ಸಾವಿರದ ಮೇಲಾಯಿತು. ಪ್ಯಾಕೇಜಿಗಿಂತ ಜಾಸ್ತಿಯೇ. ಹಳೆಯ ಸಾಮಾನೆಲ್ಲಾ ಒಂದು ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು. ಮರುದಿನ ಲೋಡ್ ಹಾಕಿಕೊಂಡು ಬಾ ಅಂದರು, ಪಕ್ಕದಲ್ಲಿ ಕೂತು ಓಡಿಸಿ ನೋಡಿದರು. ಲೋಡ್ ಹಾಕಿ ಬ್ರೇಕ್ ನೋಡುವ ಮೇಸ್ತ್ರಿಯನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಎರಡು ವರ್ಷ ಅವರ ಹತ್ತಿರವೇ ಗಾಡಿ ಬಿಟ್ಟೆ. 2024ರ ಎಫ್‌ಸಿ ಬಂತು. ಈ ಸಲ ಡಿಸೆಂಬರ್‌ಗೆ ಕಾಯಲಿಲ್ಲ. ನಮ್ಮ ಕಡೆ ನವೆಂಬರ್, ಡಿಸೆಂಬರ್ ಅಂದರೆ ಭತ್ತದ ಸುಗ್ಗಿ. ಗ್ಯಾರೇಜ್ ತುಂಬಾ ಟ್ರ್ಯಾಕ್ಟರ್, ಕಟಾವು ಮಷೀನ್ ನಿಂತಿರುತ್ತವೆ. ಮೇಸ್ತ್ರಿಗೂ ಬಿಡುವಿಲ್ಲ, ನಮಗೂ ಬಿಡುವಿಲ್ಲ. ಅವಸರದಲ್ಲಿ ಕೊಟ್ಟ ಗಾಡಿಗೆ ಅವಸರದ ಕೆಲಸವೇ ಆಗುತ್ತದೆ. ಅದಕ್ಕೆ ಅಕ್ಟೋಬರ್‌ನಲ್ಲಿ, ದಸರಾ ಪೂಜೆ ಮುಗಿಸಿ ಗಾಡಿ ಬಿಟ್ಟೆ. ನಿಮ್ಮ ಎಫ್‌ಸಿ ಯಾವ ತಿಂಗಳಿಗೆ ಮುಗಿಯುತ್ತದೆ ಅಂತ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿಕೊಳ್ಳಿ. ಸುಗ್ಗಿ ಇರುವ ತಿಂಗಳಾದರೆ ಗ್ಯಾರೇಜ್ ಕೆಲಸ ಮುಂಚೆಯೇ ಮುಗಿಸಿಬಿಡಿ.

ಚಾಚಾಗೆ ನಾನು ಒಂದೇ ಕೇಳಿದೆ, ಎಫ್‌ಸಿಗೆ ಏನು ಬೇಕು, ರಸ್ತೆಗೆ ಏನು ಬೇಕು, ಬೇರೆ ಬೇರೆ ಬರೆಸಿಕೊಡಿ ಅಂತ. ಹುಡುಗ ಒಂದು ಹಾಳೆಯ ಎರಡು ಕಡೆ ಬರೆದುಕೊಟ್ಟ. ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಎಫ್‌ಸಿ ಕಡೆಯಲ್ಲಿ ಇದ್ದದ್ದು ಕಣ್ಣಿಗೆ ಕಾಣುವ ಸಾಮಾನು. ರೇಡಿಯಂ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಇರಬೇಕು. ಬೀದಿಯಲ್ಲಿ ಅಗ್ಗಕ್ಕೆ ಸಿಗುವ ಟೇಪ್ ಬೇಡ, ಬಿಲ್ ಕೊಡುವ ಕಡೆ ಹಾಕಿಸಿ. ವೇಗ ಮಿತಿ ದಾಟದ ಹಾಗೆ ತಡೆಯುವ ಸ್ಪೀಡ್ ಗವರ್ನರ್ 80ಕ್ಕೆ ಸೆಟ್ ಆಗಿ, ಅದರ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ಮ್ಯೂಸಿಕಲ್ ಹಾರ್ನ್ ಇದ್ದರೆ ತೆಗೆಸಬೇಕು. ಫಸ್ಟ್ ಏಡ್ ಬಾಕ್ಸ್, ಇಂಡಿಕೇಟರ್, ವೈಪರ್, ರಿವರ್ಸ್ ಲೈಟ್, ಹೈ ಸೆಕ್ಯುರಿಟಿ ನಂಬರ್ ಪ್ಲೇಟ್. ಚಾಸಿ ನಂಬರ್ ಮೇಲೆ ಮಣ್ಣು, ಪೇಂಟ್ ಕೂತಿದ್ದರೆ ಕೆರೆದು ಓದುವ ಹಾಗೆ ಮಾಡಬೇಕು. ಕರಿಮಣ್ಣಿನ ಹೊಲದಲ್ಲಿ ಓಡಾಡುವ ಗಾಡಿಗಳಿಗೆ ಇದೇ ದೊಡ್ಡ ತೊಂದರೆ.

ಹಾಳೆಯ ಇನ್ನೊಂದು ಕಡೆ ಬ್ರೇಕ್, ಸ್ಟೇರಿಂಗ್ ಆಟ, ಸ್ಪ್ರಿಂಗ್ ಪಟ್ಟಿ, ಚಕ್ರದ ಹತ್ತಿರ ಆಯಿಲ್ ಸೋರದಂತೆ ತಡೆಯುವ ಹಬ್ ಸೀಲ್, ಟೈರ್. ಟೈರ್ ಎರಡು ಕಡೆಯೂ ಬರುತ್ತದೆ. ನಮ್ಮ ಗಾಡಿಗಳಿಗೆ ಟೈರ್ ಮೇಲಿನ ಗುಂಡಿ, ಅಂದರೆ ಅಚ್ಚಿನ ನಡುವಿನ ಸಾಲು, ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು ಅಂತ ನಿಯಮ. ಅಳೆಯಲು ಏನೂ ಬೇಡ. ಟೈರ್ ಪಕ್ಕದಲ್ಲಿ ಟಿಡಬ್ಲ್ಯೂಐ ಅಂತ ಇರುವ ಜಾಗದ ನೇರಕ್ಕೆ ಗುಂಡಿಯೊಳಗೆ ಸಣ್ಣ ದಿಬ್ಬ ಇರುತ್ತದೆ. ಸವೆದು ಅದರ ಮಟ್ಟಕ್ಕೆ ಬಂತೆಂದರೆ ಟೈರ್ ಮುಗಿಯಿತು.

ಎಮಿಷನ್, ಅಂದರೆ ಹೊಗೆ ಟೆಸ್ಟ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಗಾಡಿಯ ಹೊಗೆಗೆ ಸರ್ಕಾರ ಇಟ್ಟಿರುವ ಮಟ್ಟಕ್ಕೆ ಬಿಎಸ್ ಅಂತಾರೆ. ನನ್ನದು ಬಿಎಸ್-3, ಆರು ತಿಂಗಳಿಗೊಮ್ಮೆ ಟೆಸ್ಟ್. ಬಿಎಸ್-4, ಬಿಎಸ್-6 ಆದರೆ ವರ್ಷಕ್ಕೊಮ್ಮೆ. ಡೀಸೆಲ್ ಗಾಡಿಯಲ್ಲಿ ಹೊಗೆಯ ಮಿತಿ ಬಿಎಸ್-3ಕ್ಕೆ 65 ಹಾರ್ಟ್‌ರಿಜ್ ಯೂನಿಟ್ (ಹೊಗೆ ಎಷ್ಟು ದಟ್ಟ ಅಂತ ಹೇಳುವ ಅಳತೆ), ಬಿಎಸ್-4ಕ್ಕೆ 50. ಅಕ್ಕಿ ಮಿಲ್ ಅಂಗಳದಲ್ಲಿ ತಿರುಗುವ ಗಾಡಿಗಳ ಏರ್ ಫಿಲ್ಟರ್ ತೌಡು, ಹೊಟ್ಟಿನ ಧೂಳಿನಿಂದ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಸಾಲದೆ ಇಂಜಿನ್ ಕಪ್ಪು ಹೊಗೆ ಬಿಡುತ್ತದೆ. ನಳಿಕೆ ಹಾಕದೆ ಸುಮ್ನೆ ಚೀಟಿ ಬರೆದುಕೊಡುತ್ತೇವೆ ಅಂದರೆ ಒಪ್ಪಬೇಡಿ. ಫಿಲ್ಟರ್ ಬದಲಿಸಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿ ಆದ ಮೇಲೆ ಟೆಸ್ಟ್ ಮಾಡಿಸಿ. ನನ್ನ ಗಾಡಿ ಹೊಗೆ ಬಿಡುತ್ತದೆ ಅಂತ ಎರಡು ವರ್ಷ ಇಂಜಿನ್ ಮೇಲೆ ಅನುಮಾನಪಟ್ಟಿದ್ದೆ. ತಪ್ಪು ಫಿಲ್ಟರ್‌ನದಾಗಿತ್ತು.

ಫೀಸ್ ಆನ್‌ಲೈನಲ್ಲೇ ಕಟ್ಟಿದೆ. ಟ್ಯಾಕ್ಸ್, ಇನ್ಶೂರೆನ್ಸ್, ಎಮಿಷನ್ ಮೂರೂ ಚಾಲ್ತಿ ಇದೆಯಾ ಅಂತ ಮೊದಲೇ ನೋಡಿಕೊಂಡಿದ್ದೆ. ಎಫ್‌ಸಿಗೆ ಕೊಪ್ಪಳದ ಆರ್‌ಟಿಒಗೆ ಹೋಗುವ ದಿನ ಬೆಳಿಗ್ಗೆ ಆರಕ್ಕೇ ಹೊರಟೆ. ಬೂದಗುಂಪಾ ಕ್ರಾಸ್‌ನಲ್ಲಿ ಚಹಾ ಕುಡಿದು, ಗಾಡಿ ಸುತ್ತ ಒಂದು ಸಲ ತಿರುಗಿ ಲೈಟ್ ಎಲ್ಲಾ ಹಾಕಿ ನೋಡಿದೆ. ನಂಬರ್ ಪ್ಲೇಟ್ ಮೇಲಿನ ಸಣ್ಣ ಬಲ್ಬ್ ಉರಿಯುತ್ತಿರಲಿಲ್ಲ. ಚಾಚಾ ಕೊಟ್ಟಿದ್ದ ಪೊಟ್ಟಣದಲ್ಲಿ ಎರಡು ಬಲ್ಬ್, ನಾಲ್ಕು ಫ್ಯೂಸ್ ಇತ್ತು. ಅಲ್ಲೇ ಹಾಕಿದೆ.

ಆರ್‌ಟಿಒದಲ್ಲಿ ಗಾಡಿ ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರು ಚಾಸಿ ನಂಬರ್ ನೋಡಿದರು, ಲೈಟ್, ಹಾರ್ನ್, ಟೈರ್ ನೋಡಿದರು, ಓಡಿಸಿ ಬ್ರೇಕ್ ಹಾಕಿ ನೋಡಿದರು. ನಾಲ್ಕೂ ಚಕ್ರ ಒಟ್ಟಿಗೆ ಹಿಡಿದವು. ಸ್ಟೇರಿಂಗ್ ಕೈಯಲ್ಲಿ ನೆಟ್ಟಗೆ ನಿಂತಿತ್ತು. ನನ್ನ ಮುಂದೆ ನಿಂತಿದ್ದ ಗಾಡಿಗೆ ಹಿಂದಿನ ಗಾರ್ಡ್ ಸರಿ ಇಲ್ಲ ಅಂತ ವಾಪಸ್ ಕಳಿಸಿದ್ದರು. ಅವರು ಮತ್ತೆ ಇನ್ನೊಂದು ದಿನ ಬರಬೇಕು. ನನ್ನದು ಮಧ್ಯಾಹ್ನದ ಊಟದೊಳಗೆ ಮುಗಿಯಿತು.

ವಾಪಸ್ ಬರುವಾಗ ಬೇವಿನ ಗಿಡದ ಹತ್ತಿರ ಗಾಡಿ ನಿಲ್ಲಿಸಿ ಪಾಸ್ ಆಯ್ತು ಚಾಚಾ ಅಂದೆ. ಅವರು ಒಂದು ಲಾರಿ ಕೆಳಗೆ ಮಲಗಿದ್ದರು. “ಆಗ್ಲಿಕ್ಕೇಬೇಕು. ಲೋಡ್ ಹಾಕ್ಕೊಂಡು ಬಂದಾಗ ಮತ್ತ ತೋರಿಸು” ಅಂದರು.

ಎಂಟು ವರ್ಷ ದಾಟಿದ್ದರಿಂದ ಈಗ ಪ್ರತಿ ಅಕ್ಟೋಬರ್ ಗಾಡಿ ಅವರ ಹತ್ತಿರ ಮೂರು ದಿನ ನಿಲ್ಲುತ್ತದೆ. ಆ ದಿನ ಬಾಡಿಗೆ ಒಪ್ಪಿಕೊಳ್ಳುವುದಿಲ್ಲ ಅಂತ ಮಿಲ್‌ನವರಿಗೂ ಮೊದಲೇ ಹೇಳಿಬಿಟ್ಟಿದ್ದೇನೆ. ಈ ಸಲ ಬಲ ಹಿಂದಿನ ಹಬ್ ಸೀಲ್ ಬದಲಿಸಬೇಕು, ಸಾಮಾನು ತರಿಸಿ ಇಟ್ಟಿದ್ದೇನೆ.