ಹೆಸರು ಬಿಟ್ಟು ಜಮೀನು ಹಿಡಿದೆ: ಫಂಕ್ ಮನೆತನದ ಹಿಂದೆ ಬಿದ್ದ ನನ್ನ ಅನುಭವ

ಇದೆಲ್ಲ ಶುರುವಾಗಿದ್ದು ಒಂದು ಸಿರಪ್ ಬಾಟಲಿಯಿಂದ. ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ. ದೊಡ್ಡ ಇನ್ಶೂರೆನ್ಸ್ ಕಂಪನಿಯ ಊರು, ಹಾಗಾಗಿ ಐಟಿ ಕೆಲಸಕ್ಕೆ ಬಂದ ನಮ್ಮವರು ಜಾಸ್ತಿ. ಯಜಮಾನರು ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆ. ನನ್ನ ವೀಸಾದಲ್ಲಿ ಆಗ ಕೆಲಸ ಮಾಡುವ ಹಾಗಿರಲಿಲ್ಲ. ಕಿಟಕಿ ಆಚೆ ಹಿಮ, ಹಿಮದ ಆಚೆ ಗೋವಿನಜೋಳದ ಕೂಳೆ. ಒಂದು ದಿನ ಪಕ್ಕದ ಮನೆ ಅಜ್ಜಿ ಮೇಪಲ್ ಸಿರಪ್ ಬಾಟಲಿ ಕೊಟ್ಟು ಹೋದರು. ದೋಸೆಗೆ ಹಾಕಿಕೊಂಡು ತಿಂದೆವು, ಬೆಲ್ಲದ ಪಾಕಕ್ಕೆ ಸ್ವಲ್ಪ ಹೊಗೆ ತಾಗಿದ ಹಾಗಿತ್ತು. ಬಾಟಲಿಯ ಚೀಟಿಯಲ್ಲಿ ಸಿರಪ್ ಅನ್ನುವ ಪದಕ್ಕೆ ವೈ ಇರಬೇಕಾದ ಕಡೆ ಐ ಹಾಕಿದ್ದರು. ಅಚ್ಚಿನ ತಪ್ಪು ಅಂದುಕೊಂಡೆ. ಅಜ್ಜಿ ನಕ್ಕರು. ತಪ್ಪಲ್ಲ, ಈ ಸಿರಪ್ ಮಾಡುವ ಫಂಕ್ ಮನೆತನದ ಹೇಸಲ್ ಫಂಕ್ ಹೋಮ್ಸ್ ಅನ್ನುವ ಹೆಣ್ಣುಮಗಳು ಹಾಗೇ ಬರೆಯಬೇಕು ಅಂತ ಕಟ್ಟು ಮಾಡಿಟ್ಟು ಹೋಗಿದ್ದಾರೆ, ಇವತ್ತಿಗೂ ಯಾರೂ ಮುರಿದಿಲ್ಲ ಅಂದರು.

ಸತ್ತ ಮೇಲೂ ಒಂದು ಅಕ್ಷರಕ್ಕೆ ಹಟ ಹಿಡಿದ ಮನೆ ಎಂಥದ್ದಪ್ಪಾ ಅಂತ ಕುತೂಹಲ ಹುಟ್ಟಿತು. ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವಳು ನಾನು. ಚಿಕ್ಕವಳಿದ್ದಾಗ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಕಟ್ಟೆ ಮೇಲೆ ಹೊತ್ತಿಗೆ ಬಿಚ್ಚಿ, ನಮ್ಮ ಮನೆಯ ಏಳು ತಲೆಮಾರು ಹೇಳಿ, ಕಾಳು ಕಡಿ ಇಸಿದುಕೊಂಡು ಹೋಗುತ್ತಿದ್ದರು. ಅಮೆರಿಕದಲ್ಲಿ ನಾನೇ ಹೆಳವಿಯಾದರೆ ಹೇಗೆ ಅನಿಸಿತು. ಕೆಲಸವಂತೂ ಇರಲಿಲ್ಲ, ಅಲ್ವಾ.

ಮೊದಲು ಎಲ್ಲರಿಗೂ ಗೊತ್ತಿರುವುದನ್ನು ಬರೆದುಕೊಂಡೆ. ಮೂಲಪುರುಷ ಐಸಾಕ್ ಫಂಕ್. ಹುಟ್ಟಿದ್ದು 1797ರಲ್ಲಿ ಕೆಂಟಕಿಯಲ್ಲಿ, ಬೆಳೆದದ್ದು ಒಹಾಯೋದಲ್ಲಿ. 1824ರಲ್ಲಿ ಒಡಹುಟ್ಟಿದ ಆಬ್ಸಲಮ್ ಜೊತೆ ಇಲ್ಲಿಗೆ ಬಂದ. ಬ್ಲೂಮಿಂಗ್ಟನ್‌ನಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಒಂದು ಕಾಡಿನ ತೋಪು ಇತ್ತು, ಅದರ ಅಂಚಿಗೆ ಗುಡಿಸಲು ಹಾಕಿದರು. ಈಗ ಆ ಜಾಗಕ್ಕೆ ಫಂಕ್ಸ್ ಗ್ರೋವ್ ಅಂತಲೇ ಹೆಸರು. ಸುತ್ತ ಮೈಲಿಗಟ್ಟಲೆ ಎದೆಮಟ್ಟ ಹುಲ್ಲಿನ ಬಯಲು ಇರುವಾಗ ಕಾಡಿನ ಅಂಚೇ ಯಾಕೆ? ಆಗ ಆ ಬಯಲಿನ ಮಣ್ಣನ್ನು ಸಲೀಸಾಗಿ ಉಳುವ ನೇಗಿಲು ಇರಲಿಲ್ಲ. ಹುಲ್ಲಿನ ಬೇರು ಹೆಣೆದುಕೊಂಡು, ಜಿಗುಟು ಮಣ್ಣು ಗುಳಕ್ಕೆ ಅಂಟಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೆರೆಯಬೇಕಿತ್ತು. ಜಾನ್ ಡಿಯರ್ ಇದೇ ರಾಜ್ಯದಲ್ಲಿ ಉಕ್ಕಿನ ನೇಗಿಲು ಮಾಡಿದ್ದು 1837ರಲ್ಲಿ. ಐಸಾಕ್ ಅಷ್ಟು ವರ್ಷ ಕಾಯಲಿಲ್ಲ. ಉಳಲು ಆಗದಿದ್ದರೆ ಮೇಯಿಸೋಣ ಅಂತ ದನ, ಹಂದಿ ಕಟ್ಟಿದ. ಅವನ್ನು ಕಾಲ್ನಡಿಗೆಯಲ್ಲೇ ಚಿಕಾಗೋ ಕಡೆಗೆ ಹೊಡೆದುಕೊಂಡು ಹೋಗಿ ಮಾರುತ್ತಿದ್ದ. ಇಲ್ಲಿಂದ ಸುಮಾರು 200 ಕಿಲೋಮೀಟರ್! ದನ ಮಾರಿದ ದುಡ್ಡಿಗೆ ಜಮೀನು, ಜಮೀನಿನಲ್ಲಿ ಮತ್ತೆ ದನ. ಕೊನೆಗೆ 25,000 ಎಕರೆ ಆಯಿತು.

ಇಲ್ಲಿಯವರೆಗೆ ಸಲೀಸು. ಇದು ಈ ಊರಿನ ಯಾವ ಇತಿಹಾಸ ಪುಸ್ತಕದಲ್ಲೂ ಸಿಗುತ್ತದೆ. ತಲೆನೋವು ಶುರುವಾಗಿದ್ದು ಮಕ್ಕಳಿಂದ.

ಐಸಾಕ್‌ನ ಹೆಂಡತಿ ಕಸಾಂಡ್ರಾ ಶಾರ್ಪ್. 1826ರಲ್ಲಿ ಮದುವೆ. ದೊಡ್ಡವರಾಗಿ ಬಾಳಿದವರು ಒಂಬತ್ತು ಮಕ್ಕಳು: ಎಂಟು ಗಂಡು, ಸಾರಾ ಅನ್ನುವ ಒಬ್ಬಳೇ ಮಗಳು. ಗಂಡುಮಕ್ಕಳ ಹೆಸರು ನೋಡಿ: ಬೆಂಜಮಿನ್ ಫ್ರಾಂಕ್ಲಿನ್ ಫಂಕ್, ಫ್ರಾನ್ಸಿಸ್ ಮೇರಿಯನ್ ಫಂಕ್, ಮಾರ್ಕಿಸ್ ಡಿ ಲಫಾಯೆಟ್ ಫಂಕ್. ಮೂರೂ ಅವರ ಸ್ವಾತಂತ್ರ್ಯ ಹೋರಾಟದ ಹೀರೋಗಳ ಹೆಸರು. ನಮ್ಮೂರಲ್ಲೂ ಒಂದು ಕಾಲಕ್ಕೆ ಮನೆಗೊಬ್ಬ ಸುಭಾಷ, ಓಣಿಗೊಬ್ಬ ಜವಾಹರ ಇದ್ದರಲ್ಲ, ಹಾಗೆ. ಇದು ಪರವಾಗಿಲ್ಲ. ಆದರೆ ಉಳಿದ ಮಕ್ಕಳಲ್ಲಿ ಒಬ್ಬನಿಗೆ ಐಸಾಕ್ ಅಂತ ತನ್ನದೇ ಹೆಸರು, ಇನ್ನೊಬ್ಬನಿಗೆ ಆಬ್ಸಲಮ್ ಅಂತ ಒಡಹುಟ್ಟಿದವನ ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದೇನು ಹೊಸದಲ್ಲ, ಆದರೂ ನಾನು ಬಿದ್ದೆ.

ವಂಶವೃಕ್ಷ ಕಟ್ಟುವ ಒಂದು ವೆಬ್‌ಸೈಟ್‌ನಲ್ಲಿ ನನ್ನ ಮರ ಏರಿಸಿದ್ದೆ. ಎರಡು ಆಬ್ಸಲಮ್ ಕಂಡಾಗ ಒಂದೇ ಇರಬೇಕು, ಯಾರೋ ಎರಡು ಸಲ ಹಾಕಿದ್ದಾರೆ ಅಂತ ಸೇರಿಸಿಬಿಟ್ಟೆ. ಮೂರು ದಿನಕ್ಕೆ ಯಾರೋ ಒಂದೇ ಸಾಲು ಬರೆದರು: ನಿಮ್ಮ ಮರದಲ್ಲಿ ಒಬ್ಬ ಹುಟ್ಟುವುದಕ್ಕೆ ಮೊದಲೇ ಇಲಿನಾಯ್‌ಗೆ ಬಂದಿದ್ದಾನೆ, ದಯವಿಟ್ಟು ನೋಡಿ. ನಾಚಿಕೆಯಾಗಿ ಲ್ಯಾಪ್‌ಟಾಪ್ ಮುಚ್ಚಿದೆ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಸುಮ್ನೆ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಜೀವನಪೂರ್ತಿ ತಲಾಠಿ ಆಫೀಸಿಗೆ ಅಲೆದವರು, ಉತಾರ, ನಕಾಶೆ ಎಲ್ಲ ಅವರಿಗೆ ಬಾಯಿಪಾಠ. ಪೂರ್ತಿ ಕೇಳಿಸಿಕೊಂಡು ಅಂದರು:

"ಹೆಸರು ಹಿಡಕೊಂಡು ಹೋಗಬ್ಯಾಡವಾ, ದಾರಿ ತಪ್ಪತದ. ಸರ್ವೆ ನಂಬರ್ ಹಿಡಕೊಂಡು ಹೋಗು. ಹೊಲ ಎಲ್ಲಿ ಓಡಿ ಹೋಗತದ?"

ಇಡೀ ಹುಡುಕಾಟ ಬದಲಾಗಿದ್ದು ಈ ಒಂದು ಮಾತಿನಿಂದ. ಅಮೆರಿಕದಲ್ಲಿ ಸರ್ವೆ ನಂಬರ್‌ಗೆ ಸಮ ಅನ್ನಬಹುದಾದ್ದು ಸೆಕ್ಷನ್. ಸರ್ಕಾರ ಈ ಸೀಮೆಯನ್ನೆಲ್ಲ ಮೊದಲು ಅಳೆದು ಚೌಕ ಹಾಕಿ, ಆಮೇಲೆ ಮಾರಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ್ದು ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. ನಂಬರ್ ಹಾಕುವ ಕ್ರಮ ನನಗೆ ಬಹಳ ಇಷ್ಟವಾಯಿತು. ಈಶಾನ್ಯ ಮೂಲೆಯಲ್ಲಿ 1 ಶುರುವಾಗಿ ಪಶ್ಚಿಮಕ್ಕೆ 6ರ ತನಕ ಹೋಗುತ್ತದೆ. 7 ಅದರ ಕೆಳಗೇ ಬಂದು ಈಗ ಪೂರ್ವಕ್ಕೆ ತಿರುಗುತ್ತದೆ, 12ಕ್ಕೆ ಮತ್ತೆ ಕೆಳಗಿಳಿದು ಪಶ್ಚಿಮಕ್ಕೆ. ಥೇಟ್ ಹಾವು ಏಣಿ ಆಟದ ಹಲಗೆ. ಎತ್ತು ತಿರುಗಿಸಿಕೊಂಡು ಹೊಲ ಹೊಡೆದ ಹಾಗೆ ಅಂದರೂ ಸರಿಯೇ.

ಸರ್ಕಾರ ಮೊದಲ ಸಲ ಯಾರಿಗೆ ಯಾವ ತುಂಡು ಮಾರಿತು ಅನ್ನುವ ಪತ್ರಗಳ ಸ್ಕ್ಯಾನ್ ಪ್ರತಿ ಅಮೆರಿಕದ ಭೂ ಇಲಾಖೆಯ ವೆಬ್‌ಸೈಟ್‌ನಲ್ಲಿ ಬಿಟ್ಟಿ ಸಿಗುತ್ತದೆ. ಆಗ ಎಕರೆಗೆ ಒಂದೂಕಾಲು ಡಾಲರ್. ನಾನು ಮಗಳ ಗಣಿತದ ಚೌಕುಳಿ ಪುಸ್ತಕದಿಂದ ಹಾಳೆ ಹರಿದು 36 ಮನೆ ಬರೆದೆ. ಪತ್ರದಲ್ಲಿ 'ಇಂಥ ಸೆಕ್ಷನ್‌ನ ಈಶಾನ್ಯ ಕಾಲುಭಾಗದ ಪಶ್ಚಿಮ ಅರ್ಧ' ಅಂತ ಇದ್ದರೆ ಅಷ್ಟು ಜಾಗಕ್ಕೆ ಬಣ್ಣ. ಐಸಾಕ್‌ಗೆ ಹಸಿರು, ಆಬ್ಸಲಮ್‌ಗೆ ಕೇಸರಿ. ಆಮೇಲೆ 1870ರ ದಶಕದ ಜಿಲ್ಲಾ ನಕ್ಷೆ ಪುಸ್ತಕ ತೆಗೆದೆ. ಅದರಲ್ಲಿ ಪ್ರತಿ ಹೊಲದ ಮೇಲೂ ಮಾಲೀಕರ ಹೆಸರು ಅಚ್ಚಾಗಿರುತ್ತದೆ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡರೆ ಸಾಕು, ಸರ್ಕಾರದಿಂದ ಮೊದಲ ಕೈಯಲ್ಲಿ ಕೊಂಡ ಆಬ್ಸಲಮ್ ಬೇರೆ, ಐಸಾಕ್‌ನ ಹಸಿರಿನ ಒಳಗೆ ಪಾಲು ಬಂದ ಆಬ್ಸಲಮ್ ಬೇರೆ. ಅಪ್ಪ ಹೇಳಿದ್ದು ನಿಜ, ಹೊಲ ಓಡಿ ಹೋಗಿರಲಿಲ್ಲ.

ಜನಗಣತಿ ಬಗ್ಗೆ ಸ್ವಲ್ಪ ಹೇಳಲೇಬೇಕು, ಹೊಸದಾಗಿ ಹುಡುಕುವವರು ಇಲ್ಲೇ ಎಡವುತ್ತಾರೆ. 1840ರ ತನಕ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಎಣಿಕೆ: ಇಷ್ಟು ವಯಸ್ಸಿನ ಗಂಡು ಇಷ್ಟು, ಹೆಣ್ಣು ಇಷ್ಟು. 1850ರಿಂದ ಮನೆಯವರ ಹೆಸರೆಲ್ಲ ಬರುತ್ತದೆ. ಆದರೆ ಯಜಮಾನನಿಗೆ ಏನಾಗಬೇಕು ಅನ್ನುವುದು ಬರುವುದು 1880ರಲ್ಲಿ. ಹಾಗಾಗಿ 1850ರಲ್ಲಿ ಮನೆಯಲ್ಲಿದ್ದ ಹುಡುಗ ಮಗನೋ, ಅಣ್ಣನ ಮಗನೋ, ಆಳುಮಗನೋ ಅಂತ ಊಹೆ ಮಾಡಿ ಬರೆದರೆ ನನ್ನ ಗತಿಯೇ ನಿಮಗೂ. 1890ರ ಗಣತಿಯ ಹೆಚ್ಚಿನ ಕಾಗದ ವಾಷಿಂಗ್ಟನ್‌ನಲ್ಲಿ 1921ರ ಬೆಂಕಿಗೆ ಸಿಕ್ಕಿ ಹಾಳಾಯಿತು, ಆ ಇಪ್ಪತ್ತು ವರ್ಷದ ಹಳ್ಳ ದಾಟಲು ಪೇಪರಿನ ಮರಣ ಸುದ್ದಿಗಳೇ ಗತಿ. 1900ರದ್ದು ಮಾತ್ರ ಚಿನ್ನ. ಹುಟ್ಟಿದ ತಿಂಗಳು, ವರ್ಷ ಎರಡೂ ಇದೆ, ಪ್ರತಿ ತಾಯಿಗೂ ಎಷ್ಟು ಹೆತ್ತೆ, ಎಷ್ಟು ಉಳಿದವು ಅಂತ ಕೇಳಿದ್ದಾರೆ. ಆ ಎರಡು ಅಂಕಿ ಒಂದೇ ಇಲ್ಲದ ಮನೆಗಳಲ್ಲಿ ಕಣ್ಣು ಸ್ವಲ್ಪ ಹೊತ್ತು ನಿಂತುಬಿಡುತ್ತದೆ.

ಜಮೀನು ಹಿಡಿದು ಹೋಗುವುದರಲ್ಲಿ ಒಂದು ದೋಷ ಇದೆ, ಅದು ನನಗೆ ತಡವಾಗಿ ಹೊಳೆಯಿತು. ಹೆಂಗಸರು ಸಿಗುವುದಿಲ್ಲ. ಕಸಾಂಡ್ರಾ ಹುಡುಕಿ ಹುಡುಕಿ ಸೋತೆ. 1850ರ ಗಣತಿಯಲ್ಲಿ ಉದ್ಯೋಗದ ಕಾಲಂ ಇತ್ತು, ಆದರೆ ಅದು 15 ದಾಟಿದ ಗಂಡಸರಿಗೆ ಮಾತ್ರ. ಆಕೆಯಂಥವರ ಸಾಲಿನಲ್ಲಿ ಅಲ್ಲಿ ಖಾಲಿ. ಒಂಬತ್ತು ಮಕ್ಕಳನ್ನು ದಡ ಸೇರಿಸಿದವಳು, ದನ ಕಾಯುವ ಆಳುಗಳಿಗೆಲ್ಲ ಬೇಯಿಸಿ ಹಾಕಿರಬೇಕಾದವಳು, ಕಾಗದದ ಪ್ರಕಾರ ಏನೂ ಮಾಡುತ್ತಿರಲಿಲ್ಲ! ಆಗ ಊರಿನ ಹಳೇ ಕೋರ್ಟ್ ಕಟ್ಟಡದಲ್ಲಿರುವ ಮೆಕ್ಲೇನ್ ಕೌಂಟಿ ಇತಿಹಾಸ ಮ್ಯೂಸಿಯಂನ ಲೈಬ್ರರಿಯಲ್ಲಿ ಒಬ್ಬರು, ಬೇಸಾಯದ ಗಣತಿ ಅಂತ ಬೇರೆ ಇದೆ, ನೋಡಿದ್ದೀರಾ ಅಂದರು. 1850ರಿಂದ 1880ರ ತನಕ, ತೀರಾ ಸಣ್ಣವು ಬಿಟ್ಟರೆ, ಪ್ರತಿ ಹೊಲದ ಲೆಕ್ಕ. ಎಷ್ಟು ಎಕರೆ ಸಾಗುವಳಿ, ಎಷ್ಟು ಬೀಳು, ಕುದುರೆ, ಹೇಸರಗತ್ತೆ, ಹೈನಿನ ಆಕಳು, ದುಡಿಯುವ ಎತ್ತು, ಕುರಿ, ಹಂದಿ, ಗೋಧಿ, ಗೋವಿನಜೋಳ. ಇನ್ನೂ ಬಲಕ್ಕೆ ಸರಿದರೆ ಒಂದು ಕಾಲಂ: ಬೆಣ್ಣೆ, ಎಷ್ಟು ಪೌಂಡ್.

ಬೆಣ್ಣೆ ಯಾರು ಕಡೆದರು? ಅಲ್ಲಿ ಹೆಸರಿಲ್ಲ, ಹೆಸರು ಯಜಮಾನನದೇ. ಆದರೆ ಅವತ್ತಿನಿಂದ ನಾನು ಯಾವ ಮನೆಯ ಲೆಕ್ಕ ತೆಗೆದರೂ ಮೊದಲು ಬೆಣ್ಣೆ ಕಾಲಂ ನೋಡುತ್ತೇನೆ.

ಮೊಮ್ಮಕ್ಕಳ ಕಾಲಕ್ಕೆ ಬಂದರೆ ಕಾಗದಕ್ಕೆ ಬರವಿಲ್ಲ. ಐಸಾಕ್‌ನ ಮಗ ಬೆಂಜಮಿನ್ ಬ್ಲೂಮಿಂಗ್ಟನ್‌ನ ಮೇಯರ್ ಆಗಿ, 1893ರಿಂದ 1895ರ ತನಕ ಅಮೆರಿಕದ ಸಂಸತ್ತಿನಲ್ಲಿ ಕೂತ. ಅವನ ಮಗ ಫ್ರಾಂಕ್ 1912ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತ, 1921ರಿಂದ ಆರು ವರ್ಷ ಅವನೂ ಸಂಸದ. ರಾಜಕೀಯ ಐಸಾಕ್‌ನಿಂದಲೇ ಬಂದ ಚಟ. ಅಂತರ್ಯುದ್ಧದ ನಡುವೆ 1863ರಲ್ಲಿ ಮುದುಕ ರಾಜ್ಯದ ಸೆನೆಟ್‌ನಲ್ಲಿ ಎದ್ದು ನಿಂತು, ಯುದ್ಧ ವಿರೋಧಿಸುವವರನ್ನು ದ್ರೋಹಿಗಳು ಅಂತ ಬೈದು, ಮೇಜು ಗುದ್ದಿ, ಬನ್ನಿ ಕೈ ಕೈ ಮಿಲಾಯಿಸೋಣ ಅಂದಿದ್ದ. ಆಗ ವಯಸ್ಸು 65.

ನನಗೆ ಹತ್ತಿರವಾದವನು ಇನ್ನೊಬ್ಬ ಮೊಮ್ಮಗ, ಲಫಾಯೆಟ್‌ನ ಮಗ ಯೂಜೀನ್. 1901ರಲ್ಲಿ ಇವನು ಕಸಿನ್‌ಗಳನ್ನೆಲ್ಲ ಸೇರಿಸಿ (ಇಂಗ್ಲಿಷಿನಲ್ಲಿ ಎಲ್ಲರೂ ಕಸಿನ್, ದೊಡ್ಡಪ್ಪನ ಮಗನೋ ಅತ್ತೆ ಮಗನೋ ಅಂತ ಬಿಡಿಸುವುದರಲ್ಲಿ ನನಗೆ ಒಂದು ವಾರ ಹೋಯಿತು) ಫಂಕ್ ಬ್ರದರ್ಸ್ ಬೀಜದ ಕಂಪನಿ ಶುರು ಮಾಡಿದ. ಹೈಬ್ರಿಡ್ ಗೋವಿನಜೋಳದ ಬೀಜಕ್ಕೆ ಹೆಸರಾದ ಕಂಪನಿ, 1974ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಗೈಗಿ ಕಂಪನಿಯ ಕೈಗೆ ಹೋಯಿತು. ಇದನ್ನು ಹೇಳಿದಾಗ ಅಪ್ಪ ಫೋನಿನಲ್ಲಿ ಎದ್ದು ಕೂತರು. ನಮ್ಮ ರಾಣೆಬೆನ್ನೂರು ಕಡೆ ಬೀಜದ ಕಂಪನಿಗಳಿಗೆ ಪ್ಲಾಟ್ ಮಾಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಗಂಡು ಸಾಲು, ಹೆಣ್ಣು ಸಾಲು ಬೇರೆ ಬೇರೆ ಹಾಕಿ, ಹೆಣ್ಣು ಸಾಲಿನ ಗಿಡಗಳ ತುದಿಯ ಗಂಡು ಹೂ ಕಿತ್ತು ಹಾಕುವುದಕ್ಕೆ ನಾನೂ ರಜೆಯಲ್ಲಿ ಹೋಗಿದ್ದೇನೆ, ಗರಿ ತಾಗಿ ಕೈಯೆಲ್ಲ ಗೀರು. ಇಲ್ಲಿ ಅದೇ ಕೆಲಸಕ್ಕೆ ಜುಲೈನಲ್ಲಿ ಹೈಸ್ಕೂಲ್ ಹುಡುಗರು ಹೋಗುತ್ತಾರೆ. ಕೂಲಿ ಎಷ್ಟು ಅಂತ ಅಪ್ಪ ಕೇಳಿದರು. ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ.

ಹಿಮ ಕರಗಿದ ಮೇಲೆ ಫಂಕ್ಸ್ ಗ್ರೋವ್ ಸ್ಮಶಾನಕ್ಕೆ ಹೋದೆವು. ಐಸಾಕ್, ಕಸಾಂಡ್ರಾ ಇಬ್ಬರೂ ತೀರಿಕೊಂಡಿದ್ದು 1865ರ ಜನವರಿ 29ರಂದು, ಕೆಲವೇ ಗಂಟೆ ಹಿಂದೆ ಮುಂದೆ. ಇಬ್ಬರೂ ಇಲ್ಲೇ ಇದ್ದಾರೆ. ಹಳೇ ಕಲ್ಲುಗಳ ಅಕ್ಷರ ಸವೆದು ಹೋಗಿರುತ್ತದೆ. ನಾನು ಮೊದಲು ಸೀಮೆಸುಣ್ಣ ತಗೊಂಡು ಹೋಗಿದ್ದೆ. ಹಾಗೆ ಮಾಡಬಾರದು, ಕಲ್ಲು ಹಾಳಾಗುತ್ತದೆ ಅಂತ ಅಲ್ಲಿಗೆ ಬಂದಿದ್ದ ಒಬ್ಬರು ತೋರಿಸಿಕೊಟ್ಟರು: ಟಾರ್ಚನ್ನು ಕಲ್ಲಿಗೆ ಎದುರಾಗಿ ಹಿಡಿಯಬೇಡ, ಪಕ್ಕದಿಂದ, ಕಲ್ಲಿಗೆ ಸವರಿದ ಹಾಗೆ ಬೆಳಕು ಬಿಡು. ಬಿಟ್ಟೆ. ಏನೂ ಇಲ್ಲ ಅಂದುಕೊಂಡಿದ್ದ ಕಡೆ ಸಣ್ಣ ನೆರಳುಗಳು ಎದ್ದವು, ಒಂದು ಏಳು, ಒಂದು ಎಸ್, ಆಮೇಲೆ ಇಡೀ ಸಾಲು.

ಅದೇ ಸ್ಮಶಾನದಲ್ಲಿ ಒಂದು ದೊಡ್ಡ ಶಿಲುಬೆ ಇದೆ. 1853ರಲ್ಲಿ ಇಲ್ಲಿ ರೈಲು ಹಳಿ ಹಾಕಲು ಬಂದು ಸತ್ತ 50ಕ್ಕೂ ಹೆಚ್ಚು ಐರಿಶ್ ಕೂಲಿಗಳನ್ನು ಒಟ್ಟಿಗೆ ಹೂತ ಜಾಗ. ಹೆಸರಿಲ್ಲ, ಹೊಲವಿಲ್ಲ. ನನ್ನ ಚೌಕುಳಿ ಹಾಳೆಯಲ್ಲಿ ಇವರಿಗೆ ಹಾಕಲು ಬಣ್ಣವೇ ಇಲ್ಲ.

ಮನೆಗೆ ಬಂದ ಮೇಲೆ ನಮ್ಮ ಮನೆಯದ್ದೂ ಶುರು ಮಾಡಿದೆ. ಉತಾರ ಹಿಡಿದು ಮುತ್ತಜ್ಜನ ತನಕ ಸರಾಗ. ಮುತ್ತಜ್ಜಿ ಹೆಸರು ಕೇಳಿದರೆ ಅಪ್ಪನಿಗೆ ನೆನಪಿಲ್ಲ, ಹೆಳವರ ಹೊತ್ತಿಗೆಯಲ್ಲೂ ಗಂಡಸರೇ. ಎರಡು ದಿನ ಬಿಟ್ಟು ಅಪ್ಪನಿಂದ ಒಂದು ಫೋಟೋ ಬಂತು. ಅಟ್ಟದ ಮೇಲಿದ್ದ ತಾಮ್ರದ ಕೊಡ, ಆಕೆ ತವರಿನಿಂದ ತಂದದ್ದಂತೆ. ಕಂಠದ ಕೆಳಗೆ ಹೆಸರು ಕೊರೆಸಿದ್ದಾರೆ, ಸವೆದುಹೋಗಿದೆ. ಕೊನೆಯ 'ವ್ವ' ಒಂದು ಕಾಣುತ್ತದೆ, ಅದರಿಂದ ಏನು ಪ್ರಯೋಜನ, ನಮ್ಮ ಕಡೆ ಆ ಕಾಲದ ಎಲ್ಲ ಹೆಂಗಸರೂ ವ್ವ. ಕೂಡಲೇ ಫೋನ್ ಮಾಡಿದೆ. ಅಪ್ಪ ಆಗಲೇ ಹುಣಸೆಹಣ್ಣು ನೆನೆಹಾಕಿ ತಿಕ್ಕಲು ಕೂತಿದ್ದರು.

"ಅಪ್ಪಾ, ತಿಕ್ಕಬ್ಯಾಡ! ಹಂಗ ಇಡು. ಕತ್ತಲಾದ ಮ್ಯಾಲೆ ಬ್ಯಾಟರಿ ತಗೊಂಡು ಬಾಜೂಲಿಂದ ಬೆಳಕು ಬಿಡು, ಎದುರಿಂದ ಅಲ್ಲ."

"ಈಗ ಕರೆಂಟ್ ಐತಲ್ಲವಾ."

"ಲೈಟ್ ಆರಿಸು ಅಪ್ಪಾ."